ಕೈ ಅಡ್ಡ ಬಂದಿದ್ದಲ್ಲ, ಕಪ್ಪಿ ಜಾರಿದ್ದು

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು, ಕಲಬುರಗಿ ಜಿಲ್ಲೆ,
ಹಾಗೂ ಕಾರ್ಖಾನೆಗಳ ಸುರಕ್ಷತೆ ಮತ್ತು ಕಾರ್ಮಿಕರ ಪರಿಹಾರದ ಹೊಣೆ ಹೊತ್ತ ಎಲ್ಲ ಅಧಿಕಾರಿಗಳು.

ವಿಷಯ: ಫರ್ಸಿ, ಅಂದರೆ ನೆಲಕ್ಕೆ ಹಾಸುವ ಕಲ್ಲಿನ ಘಟಕಗಳಲ್ಲಿ ಭಾರ ಎತ್ತುವ ಚೈನ್ ಕಪ್ಪಿ ಜಾರಿ ಕೆಲಸಗಾರರ ಕೈಬೆರಳು ಹೋಗುತ್ತಿರುವ ಬಗ್ಗೆ.

ಮಾನ್ಯರೇ,

ನಮಸ್ಕಾರ. ನಾನು 22 ವರ್ಷದಿಂದ ಶಹಾಬಾದ್, ಚಿತ್ತಾಪುರ ಕಡೆಯ ಫರ್ಸಿ ಕಟಿಂಗ್ ಮತ್ತು ಪಾಲಿಶ್ ಘಟಕಗಳಲ್ಲಿ ಫಿಟ್ಟರ್ ಕೆಲಸ ಮಾಡುತ್ತಿದ್ದೇನೆ. ಮೋಟಾರ್ ಬಿಚ್ಚುವುದು, ಬೇರಿಂಗ್ ಹಾಕುವುದು, ಬ್ಲೇಡ್ ಬದಲಿಸುವುದು, ಬೆಲ್ಟ್ ಬಿಗಿ ಮಾಡುವುದು ನನ್ನ ಕೆಲಸ. ಸಾಹೇಬರಿಗೆ ಪತ್ರ ಬರೆದು ರೂಢಿ ಇಲ್ಲ. ನಾನು ಹೇಳುತ್ತಾ ಹೋದೆ, ಮಗಳು ಟೈಪ್ ಮಾಡಿಕೊಟ್ಟಳು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಆದರೆ ಪೂರ್ತಿ ಓದಿ.

ನಮ್ಮ ಕಡೆ ಯಾರದಾದರೂ ಬೆರಳು ಹೋದರೆ ಒಂದು ಮಾತು ಹೇಳುತ್ತಾರೆ. "ಕೈ ಅಡ್ಡ ಬಂತು." ಮಾಲೀಕರು ಹಾಗೆ ಹೇಳುತ್ತಾರೆ, ಆಳುಗಳನ್ನು ಕರೆತರುವ ಮುಕಾದಮ ಹಾಗೆ ಹೇಳುತ್ತಾನೆ. ಕೊನೆಗೆ ಬೆರಳು ಕಳೆದುಕೊಂಡವನೂ ಹಾಗೇ ಹೇಳತೊಡಗುತ್ತಾನೆ. ಎಷ್ಟೋ ವರ್ಷ ನಾನೂ ಹಾಗೇ ಹೇಳಿದ್ದೇನೆ. 2024ರ ಏಪ್ರಿಲ್‌ನಲ್ಲಿ ನನ್ನ ಕಣ್ಣೆದುರು ನಡೆದದ್ದನ್ನು ನೋಡಿದ ಮೇಲೆ ಆ ಮಾತು ನನ್ನ ಬಾಯಿಂದ ಬರುತ್ತಿಲ್ಲ. ಅದಕ್ಕೇ ಈ ಪತ್ರ.

ಶರಣಬಸವೇಶ್ವರ ಜಾತ್ರೆ ಮುಗಿದು ಎರಡು ವಾರ ಆಗಿತ್ತು. ನಮ್ಮ ಬಿಸಿಲು ನಿಮಗೆ ಗೊತ್ತೇ ಇದೆ. ಏಪ್ರಿಲ್, ಮೇ ಬಂದರೆ ಸರ್ಕಾರಿ ಕಚೇರಿಗಳ ವೇಳೆಯನ್ನೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುತ್ತಾರೆ. ನಮ್ಮ ಘಟಕದಲ್ಲಿ ಅವತ್ತು ಮಧ್ಯಾಹ್ನ ಎರಡೂವರೆಗೂ ಕೆಲಸ ನಡೆದಿತ್ತು. ತಗಡಿನ ಶೆಡ್. ಸಂಜೆಯೊಳಗೆ ಒಂದು ಲಾರಿ ತುಂಬಬೇಕಿತ್ತು.

ಎರಡಡಿ ಚೌಕದ ಫರ್ಸಿ, ಒಂದೊಂದು ಸುಮಾರು 30 ಕೆಜಿ. ಅಂಥ 40 ಕಲ್ಲನ್ನು ಒಂದರ ಮೇಲೊಂದು ಇಟ್ಟು, ಸ್ಲಿಂಗ್, ಅಂದರೆ ಭಾರಕ್ಕೆ ಸುತ್ತಿ ಹುಕ್ಕಿಗೆ ಸಿಕ್ಕಿಸುವ ವೈರ್ ರೋಪು ಹಾಕಿ, ಚೈನ್ ಕಪ್ಪಿಯಿಂದ ಎತ್ತಿದ್ದರು. ಅಂದರೆ 12 ಕ್ವಿಂಟಲ್. ಕಪ್ಪಿ ಎಷ್ಟು ತಡೆಯುತ್ತದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಒಬ್ಬರು ಒಂದು ಟನ್ ಅಂದರು, ಇನ್ನೊಬ್ಬರು ಎರಡು ಟನ್ ಅಂದರು. ಅದರ ಮೇಲಿನ ಪಟ್ಟಿಗೆ ಯಾವಾಗಲೋ ಬಣ್ಣ ಬಳಿದಿದ್ದರು, ಅಕ್ಷರ ಕಾಣುತ್ತಿರಲಿಲ್ಲ.

ಕಲ್ಲಿನ ಗಂಟನ್ನು ನೆಲಕ್ಕೆ ಇಳಿಸುವಾಗ ಕೆಳಗೆ ಕಟ್ಟಿಗೆ ತುಂಡು ಇಡಬೇಕು. ಇಲ್ಲದಿದ್ದರೆ ಸ್ಲಿಂಗ್ ಹೊರಗೆ ಎಳೆಯಲು ಬರುವುದಿಲ್ಲ, ಕಲ್ಲಿನ ಅಂಚೂ ಒಡೆಯುತ್ತದೆ. ಆ ತುಂಡು ಇಡುವುದು ಹೆಲ್ಪರ್ ಕೆಲಸ. ಗಂಟು ಗೇಣುದ್ದ ಎತ್ತರದಲ್ಲಿ ನಿಂತಿರುವಾಗ ಅವನು ಕುಕ್ಕರಗಾಲಲ್ಲಿ ಕುಳಿತು, ಕೈ ಒಳಗೆ ಹಾಕಿ, ತುಂಡನ್ನು ಸರಿಯಾದ ಜಾಗಕ್ಕೆ ತಳ್ಳುತ್ತಾನೆ. ದಿನಕ್ಕೆ ಮೂವತ್ತು ನಲವತ್ತು ಸಲ. ಕೈ ಒಳಗೆ ಹಾಕದೆ ಆ ಕೆಲಸ ಮಾಡುವ ಬೇರೆ ದಾರಿ ಅವನಿಗೆ ಯಾರೂ ಹೇಳಿಕೊಟ್ಟಿಲ್ಲ, ಯಾವ ಸಾಮಾನೂ ಕೊಟ್ಟಿಲ್ಲ. ಹಾಗಿದ್ದ ಮೇಲೆ ಕೈ ಅಡ್ಡ ಬಂತು ಅನ್ನುವುದು ಹೇಗೆ? ಕೈ ಅಲ್ಲಿರುವುದೇ ಅವನ ಕೆಲಸ.

ಅವತ್ತು ಕುಳಿತಿದ್ದ ಹುಡುಗನಿಗೆ 30 ವರ್ಷ. ಹೆಸರು ಬರೆಯುತ್ತಿಲ್ಲ, ಅವನಿಗೆ ಇನ್ನೂ ಈ ಕಡೆಯೇ ಕೂಲಿ ಸಿಗಬೇಕು. ನನ್ನನ್ನು ಕಾಕಾ ಅಂತ ಕರೆಯುತ್ತಾನೆ. ಅವನು ಎರಡನೇ ತುಂಡು ತಳ್ಳುತ್ತಿದ್ದಾಗ ಕಪ್ಪಿ ಜಾರಿತು. ಗಂಟು ಕೆಳಗೆ ಬಿದ್ದದ್ದು ನಾಲ್ಕೇ ಇಂಚು. ಹತ್ತಡಿ ಮೇಲಿಂದ ಬಿದ್ದಿದ್ದರೆ ಊರೇ ಸೇರುತ್ತಿತ್ತು. ನಾಲ್ಕು ಇಂಚು ಬಿದ್ದದ್ದು ಪಕ್ಕದ ಮಷಿನ್‌ನವನಿಗೂ ಗೊತ್ತಾಗಲಿಲ್ಲ. ಆ ಜಗ್ಗಿಗೆ ಹುಕ್ಕಿನ ಬಾಯಿಗೆ ಕಟ್ಟಿದ್ದ ತಂತಿ ಬಿಚ್ಚಿಕೊಂಡಿತು. ಸ್ಲಿಂಗಿನ ಒಂದು ಕಾಲು ಹೊರಗೆ ಹಾರಿ, ಗಂಟು ಒಂದು ಮೂಲೆಗೆ ವಾಲಿ ಅವನ ಬಲಗೈ ಮೇಲೆ ಕುಳಿತಿತು. ಕಪ್ಪಿಯಿಂದಲೇ ಮತ್ತೆ ಎತ್ತೋಣ ಅಂದರೆ ಆ ಕಪ್ಪಿ ಮೇಲೆ ನಂಬಿಕೆ ಯಾರಿಗಿದೆ? ನಾಲ್ಕು ಜನ ಹಾರೆ ಹಾಕಿ ಮೀಟಿ ಕೈ ಬಿಡಿಸಿದೆವು. ಎಷ್ಟು ಹೊತ್ತಾಯಿತೋ ನನಗೆ ತಿಳಿಯಲಿಲ್ಲ. ಅವನು ಕೂಗಲಿಲ್ಲ. ಕಣ್ಣು ಮುಚ್ಚಿಕೊಂಡು ಒಂದೇ ಮಾತು ಕೇಳಿದ. "ಬಟ್ಟ ಅವೇನ್ ಕಾಕಾ?"

ಬೆರಳು ಇದ್ದವು. ಆದರೆ ಉಳಿಯುವ ಹಾಗಿರಲಿಲ್ಲ.

ಈಗ ನನ್ನ ತಪ್ಪನ್ನೂ ಇಲ್ಲೇ ಬರೆಯಬೇಕು. ಹುಕ್ಕಿನ ಬಾಯಿಗೆ ಆ ತಂತಿ ಕಟ್ಟಿದವನು ನಾನೇ. ಹುಕ್ಕಿಗೆ ಸ್ಪ್ರಿಂಗ್ ಇರುವ ಒಂದು ಲಾಕ್ ಇರುತ್ತದೆ. ಸ್ಲಿಂಗ್ ಸಡಿಲವಾದರೂ ಹೊರಗೆ ಹಾರದಂತೆ ಅದು ತಡೆಯುತ್ತದೆ. ನಮ್ಮ ಕಪ್ಪಿಯ ಲಾಕ್ ಮುರಿದು ಹೋಗಿ ಎಷ್ಟೋ ದಿನ ಆಗಿತ್ತು. ಹೊಸದು ತರಿಸಿ ಅಂತ ಎರಡು ಸಲ ಹೇಳಿದೆ. ತರಿಸಲಿಲ್ಲ. ಸುಮ್ನೆ ಹಾಗೇ ಬಿಡುವುದು ಬೇಡ ಅಂತ ಸೆಂಟ್ರಿಂಗ್‌ನವರು ಕಂಬಿ ಕಟ್ಟುವ ತಂತಿಯನ್ನು ನಾಲ್ಕು ಸುತ್ತು ಸುತ್ತಿದೆ. ಒಳ್ಳೆಯದು ಮಾಡಿದೆ ಅಂದುಕೊಂಡಿದ್ದೆ. ಈಗ ಅನಿಸುತ್ತದೆ, ಆ ತಂತಿ ನೋಡಿ ಎಲ್ಲರಿಗೂ ಧೈರ್ಯ ಬಂತು. ಖಾಲಿ ಬಾಯಿ ಕಂಡಿದ್ದರೆ ಯಾರಾದರೂ ಹೆದರುತ್ತಿದ್ದರೋ ಏನೋ.

ಇನ್ನೊಂದಿದೆ. ಚೈನ್ ಕಪ್ಪಿ ಭಾರ ಎತ್ತುವಾಗ ಕಟ್ ಕಟ್ ಅಂತ ಸದ್ದು ಮಾಡಬೇಕು. ಒಳಗೆ ಒಂದು ಹಲ್ಲಿನ ಚಕ್ರ ಇರುತ್ತದೆ. ಅದಕ್ಕೆ ಕಚ್ಚಿಕೊಳ್ಳುವ ಒಂದು ಸಣ್ಣ ಕಬ್ಬಿಣದ ನಾಲಗೆ ಇರುತ್ತದೆ. ಹಲ್ಲು ದಾಟುವಾಗ ಬರುವ ಸದ್ದು ಅದು. ನಾವು ಕೈಚೈನ್ ಬಿಟ್ಟಾಗ ಆ ನಾಲಗೆ ಹಲ್ಲಿಗೆ ಸಿಕ್ಕಿ ಚಕ್ರವನ್ನು ತಡೆಯುತ್ತದೆ. ಅದರ ಪಕ್ಕದ ಬ್ರೇಕ್ ಬಿಲ್ಲೆಗಳು ಭಾರದ ಜಗ್ಗಿನಿಂದಲೇ ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಭಾರ ಗಾಳಿಯಲ್ಲಿ ನಿಲ್ಲುವುದು ಅದರಿಂದ. ನಾಲಗೆಯ ಸ್ಪ್ರಿಂಗ್ ಹೋದರೆ ಒಮ್ಮೆ ಕಚ್ಚುತ್ತದೆ, ಒಮ್ಮೆ ಕಚ್ಚುವುದಿಲ್ಲ. ಆಗ ಸದ್ದು ತಪ್ಪುತ್ತದೆ.

ಅಪಘಾತಕ್ಕೆ ಎಂಟು ದಿನ ಮೊದಲು ಆ ಹುಡುಗನೇ ನನಗೆ ಹೇಳಿದ್ದ. "ಕಾಕಾ, ಕಪ್ಪಿ ಮೊದಲಿನಂಗ ಕಟ್‌ಕಟ್ ಅನ್ಲಿಕತ್ತಿಲ್ಲ ನೋಡ್ರಿ." ಹೋಗಿ ಕಿವಿಗೊಟ್ಟೆ. ನಿಜ. ನಾಲ್ಕು ಸಲ ಕಟ್ ಅಂದು ಎರಡು ಸಲ ಸುಮ್ಮನಾಗುತ್ತಿತ್ತು. ಸೂಪರ್‌ವೈಸರ್‌ಗೆ ಹೇಳಿದೆ, ಇದನ್ನು ಬಿಚ್ಚಬೇಕು, ಒಂದು ದಿನ ಕೊಡಿ ಅಂತ. "ಎರಡು ಲೋಡ್ ಹೋಗ್ಲಿ, ಆಮ್ಯಾಲ ನೋಡೋಣಂತ" ಅಂದರು. ಎರಡು ಲೋಡ್ ಹೋದವು. ಮತ್ತೆ ಎರಡು ಬಂದವು. ಆ ಸ್ಪ್ರಿಂಗಿನ ಬೆಲೆ ಒಂದು ಊಟದ ದುಡ್ಡಿಗಿಂತ ಕಡಿಮೆ.

ಕಪ್ಪಿ ಎಂಟು ದಿನ ಮೊದಲೇ ಹೇಳಿತ್ತು. ಕೇಳಿಸಿಕೊಂಡವರು ನಾವಿಬ್ಬರು. ನಿಲ್ಲಿಸುವ ಅಧಿಕಾರ ಇಬ್ಬರಿಗೂ ಇರಲಿಲ್ಲ. ಮಾನ್ಯರೇ, ನನ್ನ ದೂರಿನ ತಿರುಳು ಇಷ್ಟೇ.

ಆಮೇಲೆ ಆದದ್ದು ಬೇಗ ಹೇಳುತ್ತೇನೆ. 108ಕ್ಕೆ ಫೋನ್ ಮಾಡಲಿಲ್ಲ. ಮುಕಾದಮ ತನ್ನ ಗಾಡಿಯಲ್ಲಿ ಕೂರಿಸಿಕೊಂಡ. ದಾರಿಯಲ್ಲಿ ಹುಡುಗನಿಗೆ ಹೇಳಿಕೊಟ್ಟ. "ಮನ್ಯಾಗ ಕಲ್ಲು ಬಿತ್ತು ಅಂತ ಹೇಳು. ಪೊಲೀಸ್ ಲಫಡಾ ಬ್ಯಾಡ." ಅವನು ಹಾಗೇ ಹೇಳಿದ. ಆಸ್ಪತ್ರೆಯ ಕಾಗದದಲ್ಲಿ ಅದೇ ಬರೆದಿದೆ. ತೋರುಬೆರಳು, ನಡುಬೆರಳು ಎರಡನ್ನೂ ಬುಡದಿಂದ ತೆಗೆದರು. ಬ್ಲೇಡಿನಲ್ಲಿ ಕತ್ತರಿಸಿದ ಬೆರಳನ್ನು ಕೆಲವೊಮ್ಮೆ ಮತ್ತೆ ಹೊಲಿಯಬಹುದಂತೆ, ಜಜ್ಜಿ ಹೋದದ್ದನ್ನು ಕೂಡಿಸುವುದು ಬಹಳ ಕಷ್ಟ ಅಂತ ಡಾಕ್ಟರು ಹೇಳಿದರು. ಮೂರನೇ ದಿನ ನಾನು ಕೆಲಸಕ್ಕೆ ಹೋದಾಗ ಆ ಕಪ್ಪಿ ಅಲ್ಲಿರಲಿಲ್ಲ. ಗುಜರಿಗೆ ಹಾಕಿದ್ದರು. ಅಪಘಾತದ ರಿಜಿಸ್ಟರ್‌ನಲ್ಲಿ ಒಂದು ಸಾಲೂ ಇಲ್ಲ. ಅಪಘಾತದಿಂದ 48 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ಹೊತ್ತು ಕೆಲಸಕ್ಕೆ ಬರಲಾಗದಿದ್ದರೆ ಇಲಾಖೆಗೆ ತಿಳಿಸಬೇಕು ಅಂತ ಆಗ ಜಾರಿಯಲ್ಲಿದ್ದ ಕಾರ್ಖಾನೆ ಕಾಯ್ದೆಯ 88ನೇ ಕಲಂ ಹೇಳುತ್ತಿತ್ತು. ಈ ಹುಡುಗ ನಾಲ್ಕು ತಿಂಗಳು ಮನೆಯಲ್ಲಿದ್ದ. ಯಾರೂ ತಿಳಿಸಲಿಲ್ಲ.

40,000 ರೂಪಾಯಿ ಕೊಟ್ಟರು. ಒಂದು ಛಾಪಾ ಕಾಗದದ ಮೇಲೆ "ಇನ್ನು ನನ್ನದೇನೂ ತಕರಾರಿಲ್ಲ" ಅಂತ ಬರೆಸಿಕೊಂಡರು. ಸಹಿ ಮಾಡಲು ಬಲಗೈ ಬರುತ್ತಿರಲಿಲ್ಲ. ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡರು. ಅವನು ಹತ್ತನೇ ಕ್ಲಾಸ್ ಪಾಸಾದವನು.

ಈಗ ಅವನು ಹೇಗಿದ್ದಾನೆ ಅಂತ ನೀವು ಕೇಳಬಹುದು. ಒಂದು ಪಾಲಿಶ್ ಮಷಿನ್ ಹತ್ತಿರ ನೀರು ಬಿಡುವ ಕೆಲಸ ಮಾಡುತ್ತಾನೆ, ಅರ್ಧ ಕೂಲಿಗೆ. ಬಿಸಿ ರೊಟ್ಟಿ ಮುರಿಯಲು ಬಲಗೈಯಲ್ಲಿ ಹಿಡಿತ ಇಲ್ಲ. ಹೆಂಡತಿ ಮುರಿದು ಇಡುತ್ತಾಳೆ. ಮದುವೆ, ಜಾತ್ರೆಯ ಊಟಕ್ಕೆ ಹೋಗುವುದನ್ನು ಬಿಟ್ಟಿದ್ದಾನೆ. ಪಂಕ್ತಿಯಲ್ಲಿ ಕುಳಿತು ಎಡಗೈಯಲ್ಲಿ ಉಣ್ಣಲು ನಾಚಿಕೆ. ಮಗಳಿಗೆ ಅಕ್ಷರ ತಿದ್ದಿಸುವಾಗ ಅವಳ ಕೈ ಮೇಲೆ ಕೈ ಇಟ್ಟು ತಿದ್ದಿಸುತ್ತಿದ್ದವನು, ಈಗ ಪಕ್ಕದಲ್ಲಿ ಕುಳಿತು ಬಾಯಲ್ಲಿ ಹೇಳುತ್ತಾನೆ. ಚಳಿಗಾಲದಲ್ಲಿ ಇಲ್ಲದ ಬೆರಳು ನೋಯುತ್ತವೆ ಅನ್ನುತ್ತಾನೆ.

ಅಪಘಾತ ಆದ ಮೇಲೆ ನನ್ನ ಮಗಳ ಹತ್ತಿರ ಕಾನೂನಿನ ಪುಸ್ತಕ ಓದಿಸಿಕೊಂಡೆ. ಓದುತ್ತಾ ಓದುತ್ತಾ ಬೆಚ್ಚಿಬಿದ್ದೆ. ನಾವು ಕೇಳಬೇಕು ಅಂದುಕೊಂಡಿದ್ದೆಲ್ಲ ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 29ನೇ ಕಲಂನಲ್ಲೇ ಇತ್ತು. ಎತ್ತುವ ಯಂತ್ರ, ಚೈನ್, ಹಗ್ಗ ಎಲ್ಲವೂ ದೋಷ ಇಲ್ಲದೆ ಇರಬೇಕು. 12 ತಿಂಗಳಿಗೆ ಒಮ್ಮೆಯಾದರೂ ಅರ್ಹ ಪರೀಕ್ಷಕರು ಪೂರ್ತಿ ನೋಡಬೇಕು. ಎಷ್ಟು ಭಾರ ತಡೆಯುತ್ತದೆ ಅನ್ನುವುದನ್ನು ಅದರ ಮೇಲೆ ಎದ್ದು ಕಾಣುವಂತೆ ಬರೆದಿರಬೇಕು, ಗುರುತಿನ ನಂಬರ್ ಹಾಕಿರಬೇಕು, ರಿಜಿಸ್ಟರ್‌ನಲ್ಲಿ ದಾಖಲಿಸಬೇಕು. ಆ ಭಾರ ಮೀರಬಾರದು. ಕಪ್ಪಿಯ ಹೆಸರನ್ನೂ ಅದೇ ಕಲಂ ಹೇಳುತ್ತಿತ್ತು, ಕಪ್ಪಿಗೆ ಇದು ಅನ್ವಯಿಸುವುದಿಲ್ಲ ಅನ್ನಲು ಬರುತ್ತಿರಲಿಲ್ಲ. ಕೈಯಿಂದ ಎಳೆಯುವ ಚೈನ್ ಕಪ್ಪಿ ಹೇಗಿರಬೇಕು ಅಂತ ಐಎಸ್ 3832 ಅನ್ನುವ ಭಾರತೀಯ ಮಾನಕವೇ ಇದೆ. 22 ವರ್ಷದಲ್ಲಿ ನಾನು ಕೆಲಸ ಮಾಡಿದ ಸಣ್ಣ ಘಟಕಗಳಲ್ಲಿ ಚೈನ್ ಕಪ್ಪಿಗೆ ಅಂತ ಒಂದು ರಿಜಿಸ್ಟರ್ ನಾನು ನೋಡಿಲ್ಲ.

2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ. ನನಗೆ ಅದರಲ್ಲಿ ಒಂದು ಭಯ ಇದೆ. ವಿದ್ಯುತ್ ಬಳಸುವ ಕಡೆ 10 ಜನ ಇದ್ದರೆ ಕಾರ್ಖಾನೆ ಅಂತ ಹಳೆ ಕಾಯ್ದೆ ಹೇಳುತ್ತಿತ್ತು. ಹೊಸ ಸಂಹಿತೆಯಲ್ಲಿ ಕಾರ್ಖಾನೆ ಅನ್ನಲು 20 ಜನ ಬೇಕು. ನಮ್ಮ ಕಡೆ ಹತ್ತೇ ಜನ ಇದ್ದಾರೆ ಅಂತ ತೋರಿಸುವುದಕ್ಕೂ ಯಾರಿಗೂ ಮನಸ್ಸಿಲ್ಲ. ನಮ್ಮ ಘಟಕದ ಹಾಜರಿ ಪುಸ್ತಕದಲ್ಲಿ 9 ಹೆಸರು ಇದ್ದವು. ಅವತ್ತು ಶೆಡ್‌ನಲ್ಲಿ ಕೆಲಸ ಮಾಡುತ್ತಿದ್ದವರು 16 ಜನ. ನಾನೇ ಎಣಿಸಿದ್ದೇನೆ. ಉಳಿದ 7 ಜನ ಮುಕಾದಮನ ಆಳುಗಳು, ನಮ್ಮವರಲ್ಲ ಅನ್ನುತ್ತಾರೆ. ಬೆರಳು ಕಳೆದುಕೊಂಡವನು ಆ ಏಳರಲ್ಲಿ ಒಬ್ಬ.

ಆ 9 ಅನ್ನುವ ಒಂದು ಅಂಕಿಯಿಂದ ಅವನಿಗೆ ಎಷ್ಟು ಹೋಯಿತು ನೋಡಿ. ಪುಸ್ತಕದಲ್ಲಿ 10 ಹೆಸರು ಇದ್ದಿದ್ದರೆ ಇಎಸ್‌ಐ, ಅಂದರೆ ಕಾರ್ಮಿಕರ ರಾಜ್ಯ ವಿಮೆ, ಬರುತ್ತಿತ್ತು. ತಿಂಗಳಿಗೆ 21,000 ರೂಪಾಯಿ ತನಕ ಸಂಬಳ ಇರುವವರೆಲ್ಲ ಅದರೊಳಗೆ ಬರುತ್ತಾರೆ. ಕೆಲಸದಲ್ಲಿ ಗಾಯವಾಗಿ ಮನೆಯಲ್ಲಿ ಮಲಗಿದ ದಿನಗಳಿಗೆ ಸಂಬಳದ ಶೇ. 90ರಷ್ಟು ಸಿಗುತ್ತದೆ. ಕಲಬುರಗಿಯಲ್ಲಿ ಸೇಡಂ ರಸ್ತೆಯಲ್ಲಿ ಅಷ್ಟು ದೊಡ್ಡ ಇಎಸ್‌ಐ ಮೆಡಿಕಲ್ ಕಾಲೇಜು, ಆಸ್ಪತ್ರೆ ಇದೆ. ಈ ಹುಡುಗ ಅದರ ಮುಂದೆಯೇ ಹಾದು ಹೋಗುತ್ತಾನೆ, ಒಳಗೆ ಹೋಗಲು ಅವನ ಹತ್ತಿರ ಕಾರ್ಡ್ ಇಲ್ಲ.

ಇಎಸ್‌ಐ ಇಲ್ಲದವರಿಗೆ 1923ರ ನೌಕರರ ಪರಿಹಾರ ಕಾಯ್ದೆ ಇತ್ತು. ಈ ಅಪಘಾತ ಆದಾಗ ಜಾರಿಯಲ್ಲಿದ್ದದ್ದು ಅದೇ. ಅದರ ಪಟ್ಟಿಯಲ್ಲಿ ಒಂದೊಂದು ಬೆರಳಿಗೂ ಲೆಕ್ಕ ಇದೆ. ಹೆಬ್ಬೆರಳು ಹೋದರೆ ಶೇ. 30. ತೋರುಬೆರಳು ಪೂರ್ತಿ ಹೋದರೆ ಶೇ. 14. ಒಂದೇ ಕೈಯ ಎರಡು ಬೆರಳು ಹೋದರೆ ಶೇ. 20. ಇವನ ತಿಂಗಳ ಕೂಲಿ 14,000. ಅದರ ಶೇ. 60 ಅಂದರೆ 8,400. 30 ವರ್ಷದವನಿಗೆ ಕಾಯ್ದೆ ಕೊಟ್ಟ ಗುಣಕ 207.98. ಗುಣಿಸಿ ಅದರ ಶೇ. 20 ತೆಗೆದರೆ 3,49,406 ರೂಪಾಯಿ. ನನ್ನ ಮಗಳು ಮೂರು ಸಲ ಲೆಕ್ಕ ಮಾಡಿದಳು. ಸಿಕ್ಕಿದ್ದು 40,000. ಮುಕಾದಮನ ಆಳಾದರೂ ಪರಿಹಾರದ ಹೊಣೆ ಕೆಲಸ ಮಾಡಿಸಿದ ಮಾಲೀಕರ ಮೇಲೆಯೇ ಇದೆ ಅಂತ 12ನೇ ಕಲಂ ಹೇಳುತ್ತದೆ. ಹಕ್ಕು ಬಿಟ್ಟುಕೊಟ್ಟೆ ಅಂತ ಬರೆಸಿಕೊಂಡ ಕಾಗದ ನಿಲ್ಲುವುದಿಲ್ಲ ಅಂತ 17ನೇ ಕಲಂ ಹೇಳುತ್ತದೆ. ಆದರೆ ಅರ್ಜಿ ಹಾಕಲು ಇರುವುದು ಎರಡು ವರ್ಷ. ಬರುವ ಏಪ್ರಿಲ್‌ಗೆ ಆ ಎರಡು ವರ್ಷ ಮುಗಿಯುತ್ತದೆ.

ಮಾಲೀಕರ ಮೇಲೆ ನನಗೆ ಹಗೆ ಇಲ್ಲ. ಅವರ ಕಷ್ಟವೂ ಗೊತ್ತು. ಒಂದು ಕಾಲದಲ್ಲಿ ಯಾವ ಮನೆಗೆ ಹೋದರೂ ನೆಲಕ್ಕೆ ಶಹಾಬಾದ್ ಫರ್ಸಿಯೇ ಇರುತ್ತಿತ್ತು. ಈಗ ಟೈಲ್ಸ್ ಬಂದು ವ್ಯಾಪಾರ ಕುಗ್ಗಿದೆ. ಕರೆಂಟ್ ಬಿಲ್, ಬ್ಲೇಡ್ ಖರ್ಚು, ಲಾರಿ ಬಾಡಿಗೆ ಎಲ್ಲ ಏರಿದೆ. ಒಬ್ಬ ಸಣ್ಣ ಮಾಲೀಕರು ಒಂದು ಕಪ್ಪಿಯ ಪರೀಕ್ಷೆಗೆ ದೂರದ ಊರಿಂದ ಪರೀಕ್ಷಕರನ್ನು ಕರೆಸಬೇಕು ಅಂದರೆ ಹಿಂದೆಮುಂದೆ ನೋಡುತ್ತಾರೆ. ಅದಕ್ಕೇ ನಾನು ದಂಡ ಹಾಕಿ ಅಂತ ಮೊದಲು ಕೇಳುತ್ತಿಲ್ಲ. ಪರೀಕ್ಷೆ ಅವರ ಬಾಗಿಲಿಗೆ ಬರಲಿ ಅಂತ ಕೇಳುತ್ತಿದ್ದೇನೆ.

ಪ್ರತಿ ತಾಲ್ಲೂಕಿನಲ್ಲಿ ವರ್ಷಕ್ಕೆ ಒಮ್ಮೆ ಕಪ್ಪಿ ಪರೀಕ್ಷೆಯ ಶಿಬಿರ ಮಾಡಿ. ಸರ್ಕಾರ ಮಾನ್ಯ ಮಾಡಿದ ಪರೀಕ್ಷಕರು ಒಂದು ಗಾಡಿಯಲ್ಲಿ ತೂಕದ ಗುಂಡು ಹಾಕಿಕೊಂಡು ಬರಲಿ. ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಕಡೆಯ ಫರ್ಸಿ ಘಟಕಗಳು, ಕಲಬುರಗಿ ಕಪನೂರಿನ ವರ್ಕ್‌ಶಾಪ್‌ಗಳು, ತೊಗರಿ ಬೇಳೆ ಮಿಲ್‌ಗಳು, ಎಲ್ಲ ಕಡೆ ಕಪ್ಪಿ ಇದೆ. ಮಿಲ್‌ಗಳಲ್ಲಿ ಮೋಟಾರ್, ರೋಲರ್ ಎತ್ತುವುದೂ ಇದರಿಂದಲೇ. ಪಾಲಿಟೆಕ್ನಿಕ್, ಐಟಿಐ ಹುಡುಗರನ್ನು ಜೊತೆಗೆ ಕರೆದುಕೊಂಡರೆ ಅವರೂ ಕಲಿಯುತ್ತಾರೆ. ಸಂವಿಧಾನದ 371ಜೆ ವಿಧಿ ಬಂದ ಮೇಲೆ ನಮ್ಮ ಭಾಗಕ್ಕೆ ಅಂತಲೇ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದೆ. ರಸ್ತೆ, ಕಟ್ಟಡದ ಜೊತೆ ಇದಕ್ಕೂ ಸ್ವಲ್ಪ ಹಣ ತೆಗೆದಿಡುವಂತೆ ನೀವು ಬರೆದರೆ ಮಂಡಳಿ ಕೇಳಬಹುದು. ಪಾಸಾದ ಕಪ್ಪಿಗೆ ಒಂದು ತಗಡಿನ ಬಿಲ್ಲೆ ಕಟ್ಟಿ. ಅದರ ಮೇಲೆ ನಂಬರ್, ಎಷ್ಟು ಭಾರ, ಮುಂದಿನ ಪರೀಕ್ಷೆ ಯಾವ ತಿಂಗಳು ಅಂತ ಕನ್ನಡ, ಉರ್ದು, ಹಿಂದಿಯಲ್ಲಿ ಕೊರೆದಿರಲಿ. ಭಾರವನ್ನು ಕೆಜಿಯಲ್ಲಿ ಬರೆಯಿರಿ, ಜೊತೆಗೆ ಎರಡಡಿ ಫರ್ಸಿ ಎಷ್ಟು ಅಂತಲೂ ಬರೆಯಿರಿ. ಒಂದು ಟನ್ ಅಂದರೆ ಹೊಸ ಹೆಲ್ಪರ್‌ಗೆ ಅಂದಾಜು ಸಿಗುವುದಿಲ್ಲ. 30 ಕಲ್ಲು ಅಂದರೆ ತಕ್ಷಣ ಗೊತ್ತಾಗುತ್ತದೆ.

ಬರೀ ವರ್ಷಕ್ಕೊಮ್ಮೆ ನೋಡಿದರೆ ಸಾಲದು. ನಮ್ಮ ಶೆಡ್‌ಗಳಲ್ಲಿ ಕಲ್ಲಿನ ಪುಡಿ ಗಾಳಿಯಲ್ಲೇ ಇರುತ್ತದೆ. ನೀರು ಸೇರಿ ಕೆಸರಾಗಿ ಕಪ್ಪಿಯೊಳಗೆ ಹೋಗುತ್ತದೆ. ಚೈನ್ ಬಿಗಿಯಾಯಿತು ಅಂತ ಹುಡುಗರು ಮೇಲಿಂದ ಎಣ್ಣೆ ಸುರಿಯುತ್ತಾರೆ. ಚೈನಿಗೆ ಎಣ್ಣೆ ಬೇಕು. ಅದೇ ಎಣ್ಣೆ ಬ್ರೇಕ್ ಬಿಲ್ಲೆಗೆ ಇಳಿದರೆ ಹಿಡಿತ ಹೋಗುತ್ತದೆ. ಇದನ್ನು ಹೇಳಿಕೊಡುವವರು ಯಾರು? ಸ್ಲಿಂಗಿನ ವಿಷಯವೂ ಹಾಗೇ. ಸ್ಲಿಂಗಿನ ಎರಡು ಕಾಲು ನೆಟ್ಟಗಿದ್ದರೆ ಒಂದು ಟನ್ ಭಾರವನ್ನು ಅರ್ಧರ್ಧ ಹಂಚಿಕೊಳ್ಳುತ್ತವೆ. ಅಗಲಕ್ಕೆ ಹರಡಿ, ನೆಲಕ್ಕೆ 30 ಡಿಗ್ರಿಯಷ್ಟು ವಾಲಿದರೆ ಒಂದೊಂದು ಕಾಲಿನ ಮೇಲೂ ಪೂರ್ತಿ ಒಂದು ಟನ್ ಜಗ್ಗು ಬೀಳುತ್ತದೆ. ಭಾರ ಅಷ್ಟೇ ಇದೆ, ಹಗ್ಗಕ್ಕೆ ಮಾತ್ರ ಎರಡರಷ್ಟು. ನನಗೆ ಇದು ಹದಿನೈದು ವರ್ಷ ಕೆಲಸ ಮಾಡಿದ ಮೇಲೆ ಒಬ್ಬ ಸಿಮೆಂಟ್ ಕಾರ್ಖಾನೆಯ ರಿಗ್ಗರ್, ಅಂದರೆ ಭಾರ ಕಟ್ಟಿ ಎತ್ತುವ ಕೆಲಸದವರು, ಹೇಳಿಕೊಟ್ಟದ್ದು.

ಮಾರ್ಚ್ 4 ಬರುತ್ತಿದೆ, ರಾಷ್ಟ್ರೀಯ ಸುರಕ್ಷತಾ ದಿನ. ಬ್ಯಾನರ್ ಕಟ್ಟುತ್ತಾರೆ, ಪ್ರತಿಜ್ಞೆ ಓದಿಸುತ್ತಾರೆ, ಗ್ಲೌಸ್ ಹಂಚುತ್ತಾರೆ. ಗ್ಲೌಸ್ ಬೇಡ ಅನ್ನುತ್ತಿಲ್ಲ. ಕಲ್ಲಿನ ಅಂಚು ಕೊಯ್ಯುವುದನ್ನು ಅದು ತಡೆಯುತ್ತದೆ. 12 ಕ್ವಿಂಟಲ್ ಕುಳಿತರೆ ಯಾವ ಗ್ಲೌಸ್ ತಡೆಯುತ್ತದೆ? ಆ ಹುಡುಗನ ಕೈಯಲ್ಲೂ ಅವತ್ತು ಗ್ಲೌಸ್ ಇತ್ತು. ಈ ವರ್ಷ ಗ್ಲೌಸಿನ ಜೊತೆ ಎರಡು ಸಾಮಾನು ಕೊಡಿಸಿ. ಕಟ್ಟಿಗೆ ತುಂಡನ್ನು ದೂರದಿಂದ ತಳ್ಳಲು ನಾಲ್ಕಡಿ ಹಿಡಿಕೆಯ ಒಂದು ಕೋಲು, ತುದಿಗೆ ಕವಲು ಇರಬೇಕು. ಎತ್ತಿದ ಗಂಟನ್ನು ತಿರುಗಿಸಲು ಒಂದು ಉದ್ದ ಹಗ್ಗ. ನಾನೇ ಒಂದು ಕೋಲು ವೆಲ್ಡಿಂಗ್ ಮಾಡಿ ತೋರಿಸಿದ್ದೇನೆ. ಹಳೆ ಪೈಪಿನ ತುಂಡು ಸಾಕು. ಈಗ ನಾನಿರುವ ಘಟಕದಲ್ಲಿ ಹೆಲ್ಪರ್‌ಗಳು ಅದರಿಂದಲೇ ತುಂಡು ತಳ್ಳುತ್ತಾರೆ. ಮೊದಲ ವಾರ ತಡ ಆಗುತ್ತದೆ ಅಂತ ಬೈದರು, ಆಮೇಲೆ ಯಾರೂ ಮಾತಾಡಲಿಲ್ಲ.

ಇದೆಲ್ಲಕ್ಕಿಂತ ನನಗೆ ಮುಖ್ಯವಾದದ್ದು ಒಂದಿದೆ. ಒಂದು ಕೆಂಪು ಪಟ್ಟಿ. ಕಪ್ಪಿಯ ಸದ್ದು ತಪ್ಪಿದೆ, ಹುಕ್ಕಿನ ಲಾಕ್ ಇಲ್ಲ, ಚೈನಿನ ಕೊಂಡಿ ಸವೆದಿದೆ ಅಂತ ಕಂಡರೆ ಫಿಟ್ಟರ್ ಆಗಲಿ, ಹೆಲ್ಪರ್ ಆಗಲಿ ಆ ಪಟ್ಟಿ ಕಟ್ಟಿದ ಕೂಡಲೇ ಕಪ್ಪಿ ನಿಲ್ಲಬೇಕು. ರಿಪೇರಿ ಮಾಡಿ ಸಹಿ ಹಾಕುವ ತನಕ ಯಾರೂ ಬಿಚ್ಚಬಾರದು. ಪಟ್ಟಿ ಕಟ್ಟಿದವನ ಕೂಲಿ ಹಿಡಿಯಬಾರದು, ಕೆಲಸದಿಂದ ತೆಗೆಯಬಾರದು. ಇದನ್ನು ನಿಮ್ಮ ಸಹಿಯ ಆದೇಶವಾಗಿ ಪ್ರತಿ ಶೆಡ್‌ನ ಗೋಡೆಗೆ ಹಚ್ಚಿಸಿ. ನನ್ನ ಹತ್ತಿರ ಅವತ್ತು ತಂತಿಯ ಬದಲು ಅಂಥ ಪಟ್ಟಿ ಇದ್ದಿದ್ದರೆ ಅದನ್ನೇ ಕಟ್ಟುತ್ತಿದ್ದೆ.

ಅಪಘಾತ ಆದಾಗ ಬರೆಯುವ ವರದಿಯೂ ಬದಲಾಗಲಿ. ಕೆಲಸಗಾರ ಏನು ತಪ್ಪು ಮಾಡಿದ ಅನ್ನುವುದಕ್ಕೆ ಮೊದಲು ಕಪ್ಪಿಯ ನಂಬರ್ ಎಷ್ಟು, ಕೊನೆಗೆ ಪರೀಕ್ಷೆ ಆದದ್ದು ಯಾವಾಗ, ಲಾಕ್ ಇತ್ತೋ ಇಲ್ಲವೋ, ಎಷ್ಟು ಭಾರ ಹಾಕಿದ್ದರು ಅಂತ ಬರೆಸಿ. ಅಧಿಕಾರಿ ನೋಡುವ ತನಕ ಆ ಕಪ್ಪಿ, ಸ್ಲಿಂಗ್, ಹುಕ್ ಎಲ್ಲವನ್ನೂ ಸೀಲ್ ಮಾಡಿ ಇಡಲಿ. ಗುಜರಿಗೆ ಹೋದರೆ ಸಾಕ್ಷಿಯೇ ಹೋದ ಹಾಗೆ, ಅಲ್ವಾ? ಕೆಲಸಗಾರರನ್ನು ಎಣಿಸಲು ಬಂದಾಗ ಪುಸ್ತಕ ನೋಡಬೇಡಿ, ಮಧ್ಯಾಹ್ನ ಊಟದ ಹೊತ್ತಿಗೆ ಬಂದು ಬುತ್ತಿ ಎಣಿಸಿ. 10 ಇರಲಿ, 20 ಇರಲಿ, ಇಬ್ಬರೇ ಇರಲಿ, ಕಪ್ಪಿ ಇರುವ ಕಡೆ ಪರೀಕ್ಷೆ ಆಗಲಿ.

ಮೊದಲ ಚಿಕಿತ್ಸೆ ಬಗ್ಗೆ ಒಂದು ಮಾತು. ಇದನ್ನು ಓದುವ ಕೆಲಸಗಾರ ಅಣ್ಣ ತಮ್ಮಂದಿರಿಗೂ ಹೇಳುತ್ತಿದ್ದೇನೆ. ಬೆರಳು ಕತ್ತರಿಸಿ ಬಿದ್ದರೆ ಅದನ್ನು ನೇರ ಐಸ್ ಮೇಲೆ ಇಡಬೇಡಿ. ಶುದ್ಧ ಬಟ್ಟೆ ಒದ್ದೆ ಮಾಡಿ ಹಿಂಡಿ ಅದರಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ನೀರು ಹೋಗದಂತೆ ಬಾಯಿ ಕಟ್ಟಿ. ಆ ಚೀಲವನ್ನು ಐಸ್ ಹಾಕಿದ ನೀರಲ್ಲಿ ಇಡಿ. ಗಾಯದ ಮೇಲೆ ಬಟ್ಟೆ ಒತ್ತಿ ಹಿಡಿದು ಕೈ ಎತ್ತರಕ್ಕೆ ಎತ್ತಿ. ಅರಿಶಿನ, ಸುಣ್ಣ, ಡೀಸೆಲ್ ಏನನ್ನೂ ಹಚ್ಚಬೇಡಿ. 108ಕ್ಕೆ ಫೋನ್ ಮಾಡಿ. ಆಸ್ಪತ್ರೆಯಲ್ಲಿ ಗಾಯ ಎಲ್ಲಿ ಆಯಿತೋ ಅದನ್ನೇ ಹೇಳಿ. ಮುಂದೆ ನಿಮ್ಮ ಪರಿಹಾರಕ್ಕೆ ಆಧಾರ ಆ ಒಂದು ಸಾಲು.

ಕೊನೆಗೆ ಆ ಹುಡುಗನ ವಿಷಯ. ಮಾನ್ಯರೇ, ಅವನ ಪರಿಹಾರದ ಅರ್ಜಿ ಏಪ್ರಿಲ್ ಒಳಗೆ ದಾಖಲಾಗಲು ಕಾನೂನು ನೆರವಿನ ಮೂಲಕ ಒಬ್ಬ ವಕೀಲರನ್ನು ಕೊಡಿಸಿ. ಆಸ್ಪತ್ರೆ ಕಾಗದದಲ್ಲಿ ಮನೆಯಲ್ಲಿ ಕಲ್ಲು ಬಿತ್ತು ಅಂತ ಇದೆ. ಅದು ಸುಳ್ಳು ಅಂತ ಹೇಳಲು ನಾನಿದ್ದೇನೆ, ಹಾರೆ ಹಾಕಿದ ಇನ್ನೂ ಇಬ್ಬರು ಬರುತ್ತೇವೆ ಅಂದಿದ್ದಾರೆ. ಘಟಕದ ಹೆಸರನ್ನು ಇಲ್ಲಿ ಬರೆದಿಲ್ಲ, ನಿಮ್ಮ ಕಚೇರಿಗೆ ಬಂದು ಬರೆದುಕೊಡುತ್ತೇನೆ. ನಾನು ತಂತಿ ಕಟ್ಟಿದ್ದಕ್ಕೆ ನನ್ನ ಮೇಲೆ ಏನು ಕ್ರಮ ಆಗಬೇಕೋ ಆಗಲಿ, ಅದನ್ನೂ ಹೇಳಿಕೆಯಲ್ಲಿ ಬರೆಯುತ್ತೇನೆ.

ಕಪ್ಪಿ ಗುಜರಿಗೆ ಹೋಯಿತು ಅಂದೆ. ಹುಕ್ ಹೋಗಿಲ್ಲ. ಅವತ್ತು ಸಂಜೆ ಎಲ್ಲರೂ ಆಸ್ಪತ್ರೆ ಕಡೆ ಓಡಿದಾಗ ನಾನು ಅದನ್ನು ಬಿಚ್ಚಿ ಬಟ್ಟೆಯಲ್ಲಿ ಸುತ್ತಿಟ್ಟೆ. ಲಾಕ್ ಇಲ್ಲದ ಬಾಯಿ, ಅದರ ಮೇಲೆ ನನ್ನ ನಾಲ್ಕು ಸುತ್ತು ತಂತಿ, ಒಂದು ತುದಿ ಬಿಚ್ಚಿಕೊಂಡದ್ದು, ಎಲ್ಲ ಹಾಗೇ ಇದೆ. ಯಾವ ದಿನ, ಯಾವ ಕಚೇರಿಗೆ ತರಬೇಕು ಹೇಳಿ. ತರುತ್ತೇನೆ.

ತಮ್ಮ ವಿಶ್ವಾಸಿ,
ಒಬ್ಬ ಫಿಟ್ಟರ್
ಶಹಾಬಾದ್, ಕಲಬುರಗಿ ಜಿಲ್ಲೆ
ಫೆಬ್ರವರಿ 2026